ಫೈಲು ನನ್ನದು, ಓದುಗರು ಎಲ್ಲಿ?

ಇಬ್ಬರೂ ಬರೆಯುವವರೇ. ಒಬ್ಬರು ದೂರವಾಣಿ ಇಲಾಖೆಯಿಂದ ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದ ಹಿರಿಯರು. ಒಂದು ಕಾಲಕ್ಕೆ ಸಣ್ಣ ಪತ್ರಿಕೆ ನಡೆಸಿದವರು. ಈಗ ತಮ್ಮ ಪ್ರಬಂಧಗಳನ್ನು ಆಜ್ಞೆ ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್ಲಿನ ಕಪ್ಪು ಪರದೆಯಲ್ಲೇ ಬರೆದು, ಅಲ್ಲಿಂದಲೇ ತಮ್ಮ ಜಾಲತಾಣಕ್ಕೆ ಏರಿಸುತ್ತಾರೆ. ಇನ್ನೊಬ್ಬಳು ಬೆಂಗಳೂರಿನಲ್ಲಿ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಫೋನಿನಲ್ಲೇ ಧಾರಾವಾಹಿ ಬರೆಯುವ ಹುಡುಗಿ. ಅವಳ ಮುಂದಿನ ಕಂತಿಗೆ ಕಾಯುವ ಓದುಗರಿದ್ದಾರೆ. ಹಿರಿಯರ ತಾಣಕ್ಕೆ ಎಷ್ಟು ಜನ ಬಂದು ಹೋಗುತ್ತಾರೆಂಬುದು ಅವರಿಗೇ ಗೊತ್ತಿಲ್ಲ, ಎಣಿಸುವ ವ್ಯವಸ್ಥೆಯನ್ನೇ ಅವರು ಅಲ್ಲಿ ಇಟ್ಟಿಲ್ಲ. ಒಂದು ಭಾನುವಾರ ಇಬ್ಬರ ನಡುವೆ ನಡೆದ ಮಾತು ಇದು.

ಕಿರಿಯಳು: ಪ್ರಬಂಧ ಬರೆಯೋಕೆ ಈ ಕಪ್ಪು ಪರದೆ ಯಾಕೆ? ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೌಂಟರ್ ಥರ ಇದೆ.

ಹಿರಿಯರು: ಇಲ್ಲಿ ಕೂತ್ಕೋ, ತೋರಿಸ್ತೀನಿ. ಇದು ನ್ಯಾನೋ ಅನ್ನೋ ಎಡಿಟರ್. ಮೊದಲ ಸಾಲಲ್ಲಿ ಒಂದು ಹ್ಯಾಶ್ ಹಾಕಿ ಶೀರ್ಷಿಕೆ. ಒಂದು ಸಾಲು ಖಾಲಿ ಬಿಟ್ಟು ಪ್ರಬಂಧ. ಒತ್ತಿ ಹೇಳಬೇಕಾದ ಪದದ ಆಚೆ ಈಚೆ ನಕ್ಷತ್ರ ಚಿಹ್ನೆ. ಇದಕ್ಕೆ ಮಾರ್ಕ್‌ಡೌನ್ ಅಂತಾರೆ, 2004ರಲ್ಲಿ ಜಾನ್ ಗ್ರೂಬರ್ ರೂಪಿಸಿದ್ದು. ಕಂಟ್ರೋಲ್ ಜೊತೆ ಓ ಒತ್ತಿದರೆ ಬರೆದದ್ದು ಉಳೀತು, ಎಕ್ಸ್ ಒತ್ತಿದರೆ ಹೊರಗೆ ಬಂದೆ. ಆಮೇಲೆ ಪ್ಯಾನ್‌ಡಾಕ್‌ಗೆ ಒಂದು ಸಾಲಿನ ಆಜ್ಞೆ: ಈ ಫೈಲನ್ನು ವೆಬ್ ಪುಟ ಮಾಡು. ಕೊನೆಗೆ ಆರ್‌ಸಿಂಕ್‌ಗೆ ಇನ್ನೊಂದು: ಈ ಫೋಲ್ಡರಲ್ಲಿ ಬದಲಾಗಿರೋದನ್ನ ಸರ್ವರಿಗೆ ಕಳಿಸು. ಮುಗೀತು.

ಕಿರಿಯಳು: ನಾನು 'ಪ್ರಕಟಿಸಿ' ಅಂತ ಒಂದು ಬಟನ್ ಒತ್ತುತ್ತೀನಿ. ಮುಗೀತು.

ಹಿರಿಯರು: ಆ ಬಟನ್ನಿನ ಹಿಂದೆ ಏನಾಗುತ್ತೆ ಗೊತ್ತಾ?

ಕಿರಿಯಳು: ಗೊತ್ತಿಲ್ಲ. ನೀವು ಪತ್ರಿಕೆ ನಡೆಸುವಾಗ ಮುದ್ರಣಯಂತ್ರ ಬಿಚ್ಚಿ ನೋಡ್ತಿದ್ರಾ?

ಹಿರಿಯರು: ಬಿಚ್ಚುತ್ತಿರಲಿಲ್ಲ. ಆದರೆ ಪ್ರೆಸ್ಸಿನವರ ಜೊತೆ ಜಗಳ ಆದರೆ ಹಸ್ತಪ್ರತಿ ಎತ್ಕೊಂಡು ಎದುರು ಬೀದಿಯ ಪ್ರೆಸ್ಸಿಗೆ ಹೋಗಬಹುದಿತ್ತು. ನಿನ್ನ ಧಾರಾವಾಹಿಯ ಹಸ್ತಪ್ರತಿ ಎಲ್ಲಿದೆ?

ಕಿರಿಯಳು: ಆ್ಯಪ್ ಒಳಗೆ.

ಹಿರಿಯರು: ಇನ್ನೆಲ್ಲೂ ಇಲ್ವಾ?

ಕಿರಿಯಳು: ಇನ್ನೆಲ್ಲಿ ಇರಬೇಕು? ಅಲ್ಲಿ ಚೆನ್ನಾಗಿದೆ, ಓದೋಕೂ ಚೆನ್ನಾಗಿ ಕಾಣುತ್ತೆ. ನಿಮ್ಮ ಪರದೆ ನೋಡಿ, 'ಸಂಸ್ಕೃತಿ' ಅನ್ನೋ ಪದದ ಒತ್ತು ಒಂದು ಕಡೆ, ಅಕ್ಷರ ಒಂದು ಕಡೆ. ಕನ್ನಡ ಪ್ರಬಂಧಕಾರರಿಗೆ ಇದನ್ನು ನೋಡ್ತಾ ಬರೆಯೋಕೆ ಸಂಕಟ ಆಗಲ್ವಾ?

ಹಿರಿಯರು: ಮೊದಮೊದಲು ಆಗ್ತಿತ್ತು. ಒಂದು ಅಕ್ಷರಕ್ಕೆ ಒಂದು ಚೌಕ ಅನ್ನೋ ಲೆಕ್ಕದಲ್ಲಿ ಹುಟ್ಟಿದ್ದು ಟರ್ಮಿನಲ್. ನಮ್ಮ ಒತ್ತಕ್ಷರ ಆ ಚೌಕದೊಳಗೆ ಕೂರಲ್ಲ. ಆದರೆ ಕೆಟ್ಟಿರೋದು ಪರದೆ ಮೇಲಿನ ಚಿತ್ರ, ಫೈಲ್ ಸರಿಯಾಗೇ ಇದೆ. ಇದನ್ನೇ ಬ್ರೌಸರಲ್ಲಿ ತೆರೆ, ಅಚ್ಚುಕಟ್ಟಾಗಿ ಕಾಣುತ್ತೆ. ಬೇಕಾದರೆ ಎಣಿಸಿ ತೋರಿಸ್ತೀನಿ. ಡಬ್ಲ್ಯೂಸಿ ಅನ್ನೋ ಆಜ್ಞೆಗೆ 'ಕನ್ನಡ' ಅನ್ನೋ ಪದ ಕೊಟ್ಟೆ. ಅಕ್ಷರ ಎಷ್ಟು? 5 ಅಂತು. ಬೈಟ್ ಎಷ್ಟು? 15 ಅಂತು.

ಕಿರಿಯಳು: ಕನ್ನಡ ಅನ್ನೋದರಲ್ಲಿ ಮೂರೇ ಅಕ್ಷರ ಅಲ್ವಾ?

ಹಿರಿಯರು: ನಮಗೆ ಮೂರು. ಯೂನಿಕೋಡಿಗೆ ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನ, ಡ. ಒಟ್ಟು ಐದು. ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರು ಬೈಟ್. ಎರಡು ಸಾವಿರ ಪದದ ಪ್ರಬಂಧ ಅಂದರೆ ಹತ್ತಿರ ಹತ್ತಿರ 50 ಕೆಬಿ. ನೀನು ಫೋನಲ್ಲಿ ತೆಗೆಯೋ ಒಂದು ಫೋಟೋದ ಜಾಗದಲ್ಲಿ ನನ್ನ ಪ್ರಬಂಧ ಸಂಕಲನ ಪೂರ್ತಿ ಹಿಡಿಸುತ್ತೆ. ಅದರಲ್ಲಿ ಗುಟ್ಟು ಅನ್ನೋದೇ ಇಲ್ಲ. ಯಾವ ಕಂಪ್ಯೂಟರಿನ ಯಾವ ಎಡಿಟರಲ್ಲಿ ತೆರೆದರೂ ಓದಬಹುದು. ಐವತ್ತು ವರ್ಷ ಬಿಟ್ಟು ತೆರೆದರೂ ಅಷ್ಟೇ.

ಕಿರಿಯಳು: ಐವತ್ತು ವರ್ಷದ ಮಾತು ಆಮೇಲೆ. ನಿಮ್ಮ ಪತ್ರಿಕೆಯ ಹಳೇ ಸಂಚಿಕೆಗಳ ಗತಿ ಏನಾಯ್ತು? ಸಿ.ಡಿ.ಯಲ್ಲಿ ಹಾಕಿಟ್ಟಿದ್ದೀನಿ ಅಂತಿದ್ರಿ.

ಹಿರಿಯರು: ಆ ಕಾಲದ ಒಂದು ಫಾಂಟಿನಲ್ಲಿ ಟೈಪ್ ಮಾಡಿಸಿದ್ದು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು ಅದು. ಫಾಂಟ್ ಇರೋ ಕಂಪ್ಯೂಟರಲ್ಲಿ ಕನ್ನಡ, ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿ. ಹೊಸ ಲ್ಯಾಪ್‌ಟಾಪಲ್ಲಿ ತೆರೆದಾಗ ಸಂಪಾದಕೀಯವೂ ಒಂದೇ, ಜಾಹೀರಾತೂ ಒಂದೇ.

ಕಿರಿಯಳು: ಅದೂ ಸಾದಾ ಪಠ್ಯದ ಫೈಲೇ ಆಗಿತ್ತಲ್ವಾ?

ಹಿರಿಯರು: ಆಗಿತ್ತು.

ಕಿರಿಯಳು: ಒಂದು ಬೈಟೂ ಕಳೆದಿರಲಿಲ್ಲ, ಆದರೂ ಒಂದು ಪದವೂ ಉಳಿದಿರಲಿಲ್ಲ. ಅಂದಮೇಲೆ ಬರಹ ಉಳಿಯೋದು ಫೈಲಿನ ಸರಳತೆಯಿಂದ ಅಂತ ಹೇಗೆ ಹೇಳ್ತೀರಿ? ಯಾವ ಬೈಟಿಗೆ ಯಾವ ಅಕ್ಷರ ಅಂತ ಜನ ಒಪ್ಪಿಕೊಂಡಿರಬೇಕು. ಆ ಒಪ್ಪಂದ ಮುರಿದ ದಿನ ನಿಮ್ಮ ಫೈಲೂ ಕಸ, ನನ್ನ ಆ್ಯಪೂ ಕಸ.

ಹಿರಿಯರು: ಈ ಏಟು ಸರಿಯಾಗಿ ಬಿತ್ತು. ಒಪ್ಪಂದ ಬೇಕು, ನಿಜ. ಆದರೆ ಒಪ್ಪಂದ ಯಾರ ನಡುವೆ ಅನ್ನೋದು ಮುಖ್ಯ. ಆ ಫಾಂಟಿನ ಒಪ್ಪಂದ ಅದನ್ನು ಮಾಡಿದವರ ಕೈಯಲ್ಲಿತ್ತು. ಯೂನಿಕೋಡ್ ಒಪ್ಪಂದ ಎಲ್ಲರ ಎದುರು ಆಗಿರೋದು, ದಾಖಲೆಯಲ್ಲಿ ಇರೋದು. ಅಮೆರಿಕದಲ್ಲಿ ಮೈಕಲ್ ಹಾರ್ಟ್ ಅನ್ನೋರು 1971ರ ಜುಲೈ 4ರಂದು ಅವರ ಸ್ವಾತಂತ್ರ್ಯ ಘೋಷಣೆಯನ್ನು ಕಂಪ್ಯೂಟರಿಗೆ ಟೈಪ್ ಮಾಡಿದರು. ಗುಟೆನ್‌ಬರ್ಗ್ ಯೋಜನೆ ಶುರುವಾಗಿದ್ದು ಹಾಗೆ. ಆ ಕಾಲದ ಕಂಪನಿಗಳು ಎಷ್ಟೋ ಮುಳುಗಿದವು, ಸಾದಾ ಪಠ್ಯ ನಂಬಿಕೊಂಡ ಆ ಯೋಜನೆ ಇವತ್ತಿಗೂ ನಡೀತಾ ಇದೆ.

ಕಿರಿಯಳು: ಇಂಗ್ಲಿಷಿನವರಿಗೆ 1971ರಲ್ಲೇ ಎಲ್ಲ ಸಾದಾ. ನಮಗೆ ಯಾವಾಗ?

ಹಿರಿಯರು: ಯೂನಿಕೋಡಿನ ಮೊದಲ ಆವೃತ್ತಿ ಬಂದಿದ್ದು 1991ರಲ್ಲಿ, ಅದರಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತು. ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಲ್ಲಿ ಊಟಕ್ಕೆ ಕೂತಾಗ, ತಟ್ಟೆ ಕೆಳಗೆ ಹಾಸೋ ಕಾಗದದ ಮೇಲೆ ಯುಟಿಎಫ್-8 ಬರೆದರು. ಆದರೆ ನಮ್ಮ ಮನೆಗಳ ಕಂಪ್ಯೂಟರಿಗೆ ಕನ್ನಡ ಯೂನಿಕೋಡ್ ಬರೋಕೆ 2001ರ ವಿಂಡೋಸ್ ಎಕ್ಸ್‌ಪಿ, ಅದರ ಜೊತೆಗಿದ್ದ ತುಂಗಾ ಫಾಂಟು ಬೇಕಾಯ್ತು.

ಕಿರಿಯಳು: ಅಂದರೆ ಮೂವತ್ತು ವರ್ಷ ಹಿಂದೆ ಬಿದ್ದಿದ್ವಿ. ಇವತ್ತಿಗೂ ನಿಮ್ಮ ಟರ್ಮಿನಲ್ ಲೋಕದಲ್ಲಿ ಕನ್ನಡ ನೆಂಟರ ಮನೆಗೆ ಬಂದ ಹಾಗೇ ಇದೆ. ಹೋದ ಸಲ ನೀವು ಹೇಳಿದಿರಿ ಅಂತ, ಹಳೇ ಕರಡುಗಳನ್ನೆಲ್ಲ ಇಟ್ಟುಕೊಳ್ಳೋ ಆ ಗಿಟ್ ಹಾಕಿ ನೋಡಿದೆ. ಕನ್ನಡದಲ್ಲೇ ಇರಲಿ ಅಂತ ಫೈಲಿಗೆ 'ಕಥೆ' ಅಂತ ಹೆಸರಿಟ್ಟೆ. ಅದು ನನಗೆ 'ಕ' ಬದಲು 340, 262, 225 ಅಂತ ತೋರಿಸ್ತು. ನನ್ನ ಕಥೆಗೆ ಕೈದಿ ನಂಬರ್ ಕೊಟ್ಟ ಹಾಗಾಯ್ತು.

ಹಿರಿಯರು: ಅವು ಆ ಅಕ್ಷರದ ಮೂರು ಬೈಟ್‌ಗಳು, ಎಂಟರ ಲೆಕ್ಕದಲ್ಲಿ ಬರೆದದ್ದು. ಕೋಟ್‌ಪಾತ್ ಅನ್ನೋ ಒಂದು ಸೆಟ್ಟಿಂಗ್ ಆಫ್ ಮಾಡಿದರೆ ಕನ್ನಡದಲ್ಲೇ ಕಾಣುತ್ತೆ.

ಕಿರಿಯಳು: ಮೊದಲೇ ಯಾಕೆ ಆಫ್ ಇಲ್ಲ? ಇಂಗ್ಲಿಷಲ್ಲಿ ಹೆಸರಿಡೋನಿಗೆ ಆ ಸೆಟ್ಟಿಂಗ್ ಇದೆ ಅಂತಲೂ ಗೊತ್ತಾಗಬೇಕಿಲ್ಲ. ಇನ್ನು ನಿಮ್ಮ ಮಾರ್ಕ್‌ಡೌನ್. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಶಿಫ್ಟ್ ಒತ್ತಿ 3 ಒತ್ತಿದರೆ ಹ್ಯಾಶ್ ಬರಲ್ಲ, ರ ಒತ್ತು ಬರುತ್ತೆ. 8 ಒತ್ತಿದರೆ ನಕ್ಷತ್ರ ಬರಲ್ಲ, ಶ್ರ ಬರುತ್ತೆ. ಒಂದು ಶೀರ್ಷಿಕೆ ಹಾಕೋಕೆ ಇಂಗ್ಲಿಷಿಗೆ ಹೋಗಿ ಬರಬೇಕು. ಫೈಲಿಗೆ ಕನ್ನಡ ಹೆಸರಿಟ್ಟು ತಾಣಕ್ಕೆ ಹಾಕಿ, ಲಿಂಕನ್ನು ವಾಟ್ಸ್ಯಾಪಲ್ಲಿ ಕಳಿಸಿ ನೋಡಿ. ಎಷ್ಟೋ ಸಲ 'ಕನ್ನಡ' ಅನ್ನೋ ಪದ ಶೇಕಡಾ ಚಿಹ್ನೆ ತುಂಬಿದ 45 ಅಕ್ಷರದ ಬಾಲ ಆಗಿರುತ್ತೆ. ಅದನ್ನು ನೋಡಿ ನಮ್ಮ ಅತ್ತೆ ವೈರಸ್ ಅಂದ್ಕೊಂಡು ಅಳಿಸಿಬಿಡ್ತಾರೆ.

ಹಿರಿಯರು: ನಾನು ಫೈಲಿನ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡ್ತೀನಿ.

ಕಿರಿಯಳು: ನೋಡಿದ್ರಾ! ಸ್ವತಂತ್ರ ಅಂತೀರಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟ ಹಾಗೆ ಕನ್ನಡ ಬಿಟ್ಟು ಒಳಗೆ ಹೋಗ್ತೀರಿ.

ಹಿರಿಯರು: ಹೆಸರಿನ ಮಟ್ಟಿಗೆ ಬಿಟ್ಟಿದ್ದೀನಿ, ಬರಹದಲ್ಲಿ ಬಿಟ್ಟಿಲ್ಲ. ಆದರೆ ಯೋಚನೆ ಮಾಡು, ಈ ಕಿರಿಕಿರಿ ನಿನಗೆ ಕಾಣ್ತಾ ಇರೋದು ಒಳಗಿನ ಯಂತ್ರ ತೆರೆದಿರೋದರಿಂದ. ಕಂಡಿದ್ದನ್ನು ಸರಿಮಾಡಬಹುದು. ನಾನೇ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಂಡಿದ್ದೀನಿ, ಹ್ಯಾಶ್ ಬದಲು 'ಶೀರ್ಷಿಕೆ' ಅಂತ ಕನ್ನಡದಲ್ಲೇ ಬರೆದರೂ ನಡೆಯುತ್ತೆ. ನಿನ್ನ ಆ್ಯಪಲ್ಲಿ ಕನ್ನಡಕ್ಕೆ ಒಂದು ತೊಂದರೆ ಆದರೆ ಏನು ಮಾಡ್ತೀಯಾ?

ಕಿರಿಯಳು: ದೂರು ಕೊಡ್ತೀನಿ.

ಹಿರಿಯರು: ಆಮೇಲೆ?

ಕಿರಿಯಳು: ಕಾಯ್ತೀನಿ. ಸರಿ, ಆ ಪಾಯಿಂಟ್ ನಿಮಗೇ ಇರಲಿ. ಆದರೆ ಸ್ಕ್ರಿಪ್ಟ್ ಬರೆಯೋಕೆ ನಿಮಗೆ ಪಿಂಚಣಿ ಇದೆ, ಮಧ್ಯಾಹ್ನ ಇದೆ, ಇಲಾಖೆಯಲ್ಲಿ ಯೂನಿಕ್ಸ್ ಕಲಿತ ಅನುಭವ ಇದೆ. ನಾನು ಬಸ್ಸಲ್ಲಿ ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ಇನ್ನೊಂದು ಕೈಯಲ್ಲಿ ಬರೀತೀನಿ. ನನ್ನ ಜೊತೆ ಬರೆಯೋ ಎಷ್ಟೋ ಹೆಣ್ಣುಮಕ್ಕಳು ಅಡಿಗೆ ಮಾಡ್ತಾ ಫೋನಿಗೆ ಮಾತಾಡಿ ಬರೆಸ್ತಾರೆ. ಅವರ ಹತ್ತಿರ ಲ್ಯಾಪ್‌ಟಾಪೇ ಇಲ್ಲ. ನಿಮ್ಮ ದಾರಿಯೊಂದೇ ಇದ್ದಿದ್ದರೆ ಅವರು ಬರಹಗಾರರೇ ಆಗ್ತಿರಲಿಲ್ಲ.

ಹಿರಿಯರು: ಫೋನಲ್ಲೂ ಟರ್ಮಿನಲ್ ಬರುತ್ತೆ. ಟರ್ಮಕ್ಸ್ ಅಂತ ಇದೆ, ಆಂಡ್ರಾಯ್ಡಲ್ಲಿ ಆರ್‌ಸಿಂಕೂ ನಡೆಯುತ್ತೆ, ಗಿಟ್ಟೂ ನಡೆಯುತ್ತೆ.

ಕಿರಿಯಳು: ಬರುತ್ತೆ ಅನ್ನೋದು ಬೇರೆ, ಬಳಸ್ತಾರೆ ಅನ್ನೋದು ಬೇರೆ.

ಹಿರಿಯರು: ಅದೂ ನಿಜ. ಆದರೆ ಸುಲಭದ ಬೆಲೆಯನ್ನೂ ಲೆಕ್ಕ ಹಾಕು. ಆರ್ಕುಟ್ ನೆನಪಿದೆಯಾ? ಕನ್ನಡದ ಹುಡುಗರು ರಾತ್ರಿಯೆಲ್ಲ ಅಲ್ಲಿ ಚರ್ಚೆ ಮಾಡ್ತಿದ್ರು, ಕವಿತೆ ಹಾಕ್ತಿದ್ರು. 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿದರು. ಅದಕ್ಕೂ ಮೊದಲು ಜಿಯೋಸಿಟೀಸ್, ಯಾಹೂ ಅದನ್ನು 2009ರಲ್ಲಿ ಮುಚ್ಚಿತು. ಲಕ್ಷಾಂತರ ಪುಟ. ಬರೆದವರ ತಪ್ಪೇನಿತ್ತು? ಪ್ರತಿ ಇಟ್ಟುಕೊಂಡಿರಲಿಲ್ಲ, ಅಷ್ಟೇ.

ಕಿರಿಯಳು: ನಿಮ್ಮ ತಾಣ ಎಲ್ಲಿದೆ?

ಹಿರಿಯರು: ಒಂದು ಬಾಡಿಗೆ ಸರ್ವರಲ್ಲಿ. ಇನ್ನೊಂದು ಪ್ರತಿ, ಗಿಟ್ ಫೋಲ್ಡರುಗಳನ್ನು ಇಡೋ ತಾಣವಾದ ಗಿಟ್‌ಹಬ್‌ನಲ್ಲಿ.

ಕಿರಿಯಳು: ಗಿಟ್‌ಹಬ್ 2018ರಿಂದ ಮೈಕ್ರೋಸಾಫ್ಟಿನದು. ಬಾಡಿಗೆ ಸರ್ವರ್ ಬಾಡಿಗೆ ಕಟ್ಟೋವರೆಗೆ ನಿಮ್ಮದು. ತಾಣದ ಹೆಸರನ್ನೂ ಕಾಲಕಾಲಕ್ಕೆ ನವೀಕರಿಸಬೇಕು. ನೀವು ಆಸ್ಪತ್ರೆಗೆ ಸೇರಿ ಬಾಡಿಗೆ ಕಟ್ಟೋದು ಮರೆತರೆ ನಿಮ್ಮ ಪ್ರಬಂಧ ಮೊದಲು ಹೋಗುತ್ತೆ, ನನ್ನ ಧಾರಾವಾಹಿ ಅಲ್ಲಿ ಇರುತ್ತೆ. ಇನ್ನೊಂದು ಮಾತು. ಆರ್‌ಸಿಂಕಲ್ಲಿ 'ಡಿಲೀಟ್' ಅಂತ ಒಂದು ಆಯ್ಕೆ ಇದೆ ಅಂತ ನೀವೇ ಹೇಳಿದ್ರಿ. ಇಲ್ಲಿ ಇಲ್ಲದ್ದನ್ನೆಲ್ಲ ಅಲ್ಲೂ ಅಳಿಸಿಬಿಡುತ್ತಂತೆ. ಖಾಲಿ ಫೋಲ್ಡರ್ ಕಡೆ ಬೆರಳು ತೋರಿಸಿ ಎಂಟರ್ ಒತ್ತಿದರೆ?

ಹಿರಿಯರು: ಸರ್ವರ್ ಖಾಲಿ. 'ನಿಜವಾಗಲೂ ಅಳಿಸಲಾ?' ಅಂತ ಒಂದು ಮಾತೂ ಕೇಳಲ್ಲ.

ಕಿರಿಯಳು: ನನ್ನ ಆ್ಯಪ್ ಕೇಳುತ್ತೆ.

ಹಿರಿಯರು: ಅದಕ್ಕೇ ಗಿಟ್ ಇರೋದು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಕೆಲಸಕ್ಕಂತ ಮಾಡಿದ್ದು. ಅದರ ಗುಣ ಏನಂದರೆ, ಪ್ರತಿ ತಗೊಂಡ ಪ್ರತಿಯೊಬ್ಬನ ಹತ್ತಿರವೂ ಪೂರ್ತಿ ಚರಿತ್ರೆ ಇರುತ್ತೆ. ಮೊನ್ನೆಯ ಕರಡು, ಹೋದ ವರ್ಷದ ಕರಡು, ಎಲ್ಲ. ಗಿಟ್‌ಹಬ್ ನಾಳೆ ಮುಚ್ಚಿದರೆ ನನ್ನ ಫೋಲ್ಡರ್ ಹಾಗೇ ಇರುತ್ತೆ, ಕಳಿಸೋ ವಿಳಾಸ ಮಾತ್ರ ಬದಲಾಗುತ್ತೆ. ನಾನು ಹೋದಮೇಲೂ ಯಾರಾದರೂ ಒಬ್ಬರು ಪ್ರತಿ ಮಾಡಿಕೊಂಡಿದ್ದರೆ ಸಾಕು.

ಕಿರಿಯಳು: ಇದುವರೆಗೆ ಯಾರಾದರೂ ಮಾಡಿಕೊಂಡಿದ್ದಾರಾ?

ಹಿರಿಯರು: ನನಗೆ ಗೊತ್ತಿರೋ ಹಾಗೆ ಇಲ್ಲ.

ಕಿರಿಯಳು: ನನಗೆ ಬೇಜಾರಾಗೋದು ಅಲ್ಲೇ. ನಿಮ್ಮ ಪ್ರಬಂಧ ನನ್ನ ಕಥೆಗಿಂತ ಚೆನ್ನಾಗಿರುತ್ತೆ, ಸುಳ್ಳು ಹೇಳ್ತಿಲ್ಲ. ಆದರೆ ಓದೋರಿಲ್ಲ. ಬರಹವನ್ನು ಉಳಿಸೋದು ಓದುಗರು. ಯಾರಿಗೋ ಇಷ್ಟವಾಗಿ, ಇನ್ಯಾರಿಗೋ ಕಳಿಸಿ, ಅವರು ಇನ್ನೊಬ್ಬರಿಗೆ ಓದಿ ಹೇಳಿ, ಹಾಗೆ ಉಳಿಯುತ್ತೆ.

ಹಿರಿಯರು: ಓದುಗರು ಬರೋವರೆಗೆ ಕಾಪಾಡೋಕೆ ಒಬ್ಬರು ಬೇಕಲ್ಲ? ಫ.ಗು. ಹಳಕಟ್ಟಿಯವರನ್ನು ನೆನೆಸ್ಕೋ. ಮನೆಮನೆ ಅಲೆದು ವಚನಗಳ ಓಲೆಗರಿ ಹುಡುಕಿ ತಂದರು. ಬೇರೆಯವರ ಪ್ರೆಸ್ಸನ್ನೇ ನಂಬಿಕೊಂಡರೆ ಕೆಲಸ ಸಾಗಲ್ಲ ಅಂತ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು. ಅವರೇನು ಮುದ್ರಕರಾ? ವಕೀಲರು. ಅಚ್ಚಿನ ಕೆಲಸ ತಮ್ಮ ಕೈಯಲ್ಲಿರಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಅವತ್ತು ಅದಕ್ಕೆ ಮನೆಮಾರು ಪಣಕ್ಕಿಡಬೇಕಿತ್ತು. ಇವತ್ತು ಹತ್ತು ಹನ್ನೆರಡು ಆಜ್ಞೆ ಕಲಿತರೆ ಸಾಕು.

ಕಿರಿಯಳು: ಒಳ್ಳೇ ಹೆಸರು ಎತ್ತಿದ್ರಿ. ನಾನು ಗಳಗನಾಥರ ಹೆಸರು ಎತ್ತುತ್ತೀನಿ. ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುಗರು ನನ್ನನ್ನು ಹುಡುಕಿಕೊಂಡು ಬರಲಿ ಅಂತ ಮನೇಲಿ ಕೂರಲಿಲ್ಲ. ಜನ ಇರೋ ಕಡೆ ತಾವೇ ಹೋದರು. ಇವತ್ತು ಜನ ಫೋನಿನಲ್ಲಿದ್ದಾರೆ, ಆ್ಯಪಲ್ಲಿದ್ದಾರೆ. ಗಳಗನಾಥರು ಈಗ ಇದ್ದಿದ್ದರೆ ಟರ್ಮಿನಲ್ ಮುಂದೆ ಕೂತಿರ್ತಿದ್ರಾ?

ಹಿರಿಯರು: ಕೂತಿರ್ತಿರಲಿಲ್ಲ ಅನ್ಸುತ್ತೆ. ಆದರೆ ತಲೆ ಮೇಲಿನ ಗಂಟು ಅವರದೇ ಆಗಿತ್ತು ಅನ್ನೋದನ್ನ ಮರೀಬೇಡ. ಸಂತೆ ಯಾರದಾದರೂ ಇರಲಿ, ಸಾಯಂಕಾಲ ಮಾರದೆ ಉಳಿದ ಪ್ರತಿ ಮನೆಗೆ ವಾಪಸ್ ಬರ್ತಿತ್ತು. ನಿನಗೆ ಸಂತೆ ಸಿಕ್ಕಿದೆ, ಗಂಟು ಸಂತೆಯವನ ಹತ್ತಿರ ಇದೆ.

ಕಿರಿಯಳು: ನಿಮಗೆ ಗಂಟು ಇದೆ, ಸಂತೆಗೆ ಹೋಗೋಕೆ ಮನಸ್ಸಿಲ್ಲ.

ಹಿರಿಯರು: ಮನಸ್ಸಿಲ್ಲ ಅನ್ನೋದಕ್ಕಿಂತ ಹೆದರಿಕೆ ಅನ್ನು. ಎಷ್ಟು ಜನ ಓದಿದರು, ಎಷ್ಟು ಜನ ಹೃದಯದ ಚಿತ್ರ ಒತ್ತಿದರು ಅಂತ ಕಣ್ಣೆದುರು ಅಂಕಿ ಓಡ್ತಾ ಇದ್ದರೆ ನಾನು ಆ ಅಂಕಿಗೆ ಬರೆಯೋಕೆ ಶುರು ಮಾಡ್ತೀನಿ. ಈ ಪರದೆ ಮೇಲೆ ಅದ್ಯಾವುದೂ ಇಲ್ಲ. ಬರಹಕ್ಕೂ ಇದರಿಂದ ಒಂದು ಉಪಕಾರ ಆಗಿದೆ. ಬ್ರಯನ್ ಕರ್ನಿಗನ್ 1974ರಲ್ಲೇ ಯೂನಿಕ್ಸ್ ಕಲಿಯೋರಿಗೆ ಒಂದು ಬುದ್ಧಿಮಾತು ಬರೆದಿದ್ದರು: ಪ್ರತಿ ವಾಕ್ಯವನ್ನೂ ಹೊಸ ಸಾಲಿಂದ ಶುರುಮಾಡಿ. ವೆಬ್ ಪುಟ ಆಗುವಾಗ ಸಾಲುಗಳು ಕೂಡಿಕೊಂಡು ಪ್ಯಾರಾ ಆಗುತ್ತೆ, ಓದುಗರಿಗೆ ವ್ಯತ್ಯಾಸ ಕಾಣಲ್ಲ. ಬರೆಯೋನಿಗೆ ಕಾಣುತ್ತೆ. ನೋಡು, ಈ ಪ್ಯಾರಾದಲ್ಲಿ ಸತತ ನಾಲ್ಕು ಸಾಲು ಒಂದೇ ಉದ್ದ. ಓದಿದರೆ ತೂಕಡಿಕೆ ಬರುತ್ತೆ. ನಾಲ್ಕರಲ್ಲಿ ಮೂರು 'ಆದರೆ' ಇಂದ ಶುರು. ಒಟ್ಟಾಗಿ ಬರೆದಿದ್ದರೆ ಇದು ನನಗೆ ಗೊತ್ತಾಗ್ತಿರಲಿಲ್ಲ. ತಿದ್ದಿದ ಮೇಲೆ ಗಿಟ್ ಯಾವ ವಾಕ್ಯ ಹೋಯ್ತು, ಯಾವ ವಾಕ್ಯ ಬಂತು ಅಂತ ಕೆಂಪು ಹಸಿರಲ್ಲಿ ತೋರಿಸುತ್ತೆ.

ಕಿರಿಯಳು: ಇದು ಚೆನ್ನಾಗಿದೆ. ನಿಜವಾಗಲೂ ಚೆನ್ನಾಗಿದೆ. ಆದರೆ ನನಗೂ ಒಬ್ಬರು ಸಂಪಾದಕರಿದ್ದಾರೆ, ಅವರೇ ನನ್ನ ಓದುಗರು. ಒಂದು ಕಂತಿನಲ್ಲಿ ಅತ್ತೆ ಪಾತ್ರವನ್ನು ಬರೀ ಕೆಟ್ಟವಳು ಅಂತ ಬರೆದಿದ್ದೆ. ಒಬ್ಬ ಓದುಗಿತಿ ಬರೆದರು, 'ಆಕೆಗೂ ಒಂದು ಹಳೇ ನೋವು ಇರಬೇಕಲ್ಲ?' ಅಂತ. ಮುಂದಿನ ಕಂತು ಪೂರ್ತಿ ಅತ್ತೆಯ ಕಥೆ ಆಯ್ತು. ನಿಮ್ಮ ಕೆಂಪು ಹಸಿರು ಆ ಪ್ರಶ್ನೆ ಕೇಳ್ತಿತ್ತಾ?

ಹಿರಿಯರು: ಕೇಳ್ತಿರಲಿಲ್ಲ. ಆ ಓದುಗಿತಿ ಬರೆದ ಮಾತು ಈಗೆಲ್ಲಿದೆ?

ಕಿರಿಯಳು: ಆ್ಯಪಲ್ಲೇ. ಗೊತ್ತು, ಮುಂದಿನ ಪ್ರಶ್ನೆ ಕೇಳಬೇಡಿ.

ಹಿರಿಯರು: ಕೇಳಲ್ಲ. ಒಂದು ಕೆಲಸ ಮಾತ್ರ ಮಾಡು. ನಿನ್ನ ಕಂತುಗಳನ್ನೆಲ್ಲ ಒಂದೊಂದು ಸಾದಾ ಫೈಲಾಗಿ ಒಂದು ಫೋಲ್ಡರಲ್ಲಿ ಇಟ್ಕೋ. ಯಾವ ಆಜ್ಞೆಯೂ ಬೇಡ. ಎಲ್ಲಿ ಬೇಕಾದರೂ ಪ್ರಕಟಿಸು, ಮೂಲ ಮಾತ್ರ ನಿನ್ನ ಹತ್ತಿರ ಇರಲಿ. 'ಈ ಪಾತ್ರದ ಹೆಸರು ಎಲ್ಲೆಲ್ಲಿ ಬಂದಿದೆ' ಅಂತ ಹುಡುಕಬೇಕಾದರೆ ನನ್ನ ಹತ್ತಿರ ಬಾ, ಗ್ರೆಪ್ ಅನ್ನೋ ಒಂದು ಆಜ್ಞೆಯಲ್ಲಿ ಅಷ್ಟೂ ಕಂತು ಜಾಲಾಡಿ ಕೊಡ್ತೀನಿ.

ಕಿರಿಯಳು: ಅದು ಉಪಯೋಗಕ್ಕೆ ಬರುತ್ತೆ, ಎಂಟನೇ ಕಂತಿಗೇ ನಾಯಕನ ತಂಗಿಯ ಹೆಸರು ಬದಲಾಗಿದೆ. ಸರಿ, ಇಡ್ತೀನಿ. ನೀವೂ ಒಂದು ಮಾಡಿ. ಪ್ರತಿ ಪ್ರಬಂಧದ ಮೊದಲ ಪ್ಯಾರಾ ನನಗೆ ವಾಟ್ಸ್ಯಾಪಲ್ಲಿ ಕಳಿಸಿ, ಜೊತೆಗೆ ಚಿಕ್ಕ ಲಿಂಕು. ನಾನು ನಮ್ಮ ಗುಂಪುಗಳಿಗೆ ಹಾಕ್ತೀನಿ. ಜನ ಬೈದರೂ ನಿಮಗೆ ತಲುಪಿಸ್ತೀನಿ.

ಹಿರಿಯರು: ಬೈಗುಳವನ್ನ ಸಾದಾ ಪಠ್ಯದಲ್ಲೇ ಕಳಿಸು, ಸ್ಕ್ರೀನ್‌ಶಾಟ್ ಬೇಡ. ಹುಡುಕೋಕೆ ಬರಲ್ಲ.

ಕಿರಿಯಳು: ಇಷ್ಟಾದರೂ ನನ್ನ ಮೂಲ ತಕರಾರು ಹಾಗೇ ಇದೆ. ನೀವು ಹೇಳಿದ ಸ್ವಾತಂತ್ರ್ಯ ಸಿಗೋಕೆ ಮೊದಲು ಸಮಯ ಇರಬೇಕು, ಇಂಗ್ಲಿಷ್ ಇರಬೇಕು, ಕಲಿಸೋರು ಒಬ್ಬರು ಇರಬೇಕು. ಎಲ್ಲರಿಗೂ ನಿಮ್ಮಂಥ ಚಿಕ್ಕಪ್ಪ ಇರಲ್ಲ.

ಹಿರಿಯರು: ನನ್ನ ತಕರಾರೂ ಹಾಗೇ ಇದೆ. ಸಮಯ ಇಲ್ಲ ಅಂತ ಎಲ್ಲರೂ ಕೀಲಿಕೈಯನ್ನ ಕಂಪನಿಗೆ ಕೊಟ್ಟರೆ, ಕನ್ನಡದ ಒಂದು ತಲೆಮಾರಿನ ಬರಹ ಎಲ್ಲಿರಬೇಕು, ಎಷ್ಟು ದಿನ ಇರಬೇಕು ಅಂತ ಕನ್ನಡ ಬರದವರು ತೀರ್ಮಾನ ಮಾಡ್ತಾರೆ.

ಕಿರಿಯಳು: ಹಾಗಾದರೆ ಕನ್ನಡ ಬಲ್ಲ ನಿಮ್ಮಂಥವರು ಕಪ್ಪು ಪರದೆ ಮುಂದೆ ನನ್ನನ್ನು ಕೂರಿಸೋ ಬದಲು, ನನ್ನ ಫೋನಿಗೇ ಒಂದು ಬಟನ್ ಮಾಡಿಕೊಡಿ. ಒತ್ತಿದರೆ ಓದುಗರಿಗೂ ಹೋಗಬೇಕು, ನನ್ನ ಫೋಲ್ಡರಿಗೂ ಬರಬೇಕು.

ಹಿರಿಯರು: ಮಾಡಬಹುದು. ಅದರ ಹಿಂದೆ ಏನಿದೆ ಅಂತ ತೆರೆದು ನೋಡೋಕೆ ನೀನು ಒಪ್ಪೋದಾದರೆ.

ಕಿರಿಯಳು: ಮೊದಲು ಮಾಡಿ. ತೆರೆಯೋದಾ ಬೇಡವಾ ಅಂತ ಕೆಟ್ಟ ದಿನ ನೋಡೋಣ.